ರೊಟ್ಟಿ ಮೂಸುವ ಡಾಕ್ಟರು

ಊಟಕ್ಕೆ ಕರೆದವರ ಮನೆಯಲ್ಲಿ ಕೂತು, ನೀಡಿದ ರೊಟ್ಟಿಯ ಒಂದು ಚೂರು ಮುರಿದು, ಮೂಗಿನ ಹತ್ತಿರ ಹಿಡಿದು ಮೂಸಿ, ಆಮೇಲೆ ಅದನ್ನು ಮುಂದಿನ ಹಲ್ಲಿನಿಂದ ಕಡಿದು ನೋಡಿ, ಅದಾದ ಮೇಲೆಯೇ ಪಲ್ಯಕ್ಕೆ ಕೈಹಾಕುವ ಮನುಷ್ಯನನ್ನು ನೀವು ಕಂಡಿರಲಿಕ್ಕಿಲ್ಲ. ನಾನು ಕಂಡಿದ್ದೇನೆ. ಅವರ ಮಗ್ಗುಲಲ್ಲೇ ಕೂತು ನಾಚಿಕೆಯಿಂದ ತಲೆ ತಗ್ಗಿಸಿಯೂ ಇದ್ದೇನೆ. ಬಾದಾಮಿಯಲ್ಲಿ ಒಂದು ಮದುವೆ. ಹುಡುಗಿಯ ತಂದೆ ಸ್ವತಃ ಬುಟ್ಟಿ ಹಿಡಿದು ರೊಟ್ಟಿ ನೀಡುತ್ತ ಬಂದರು. ನಮ್ಮ ಡಾಕ್ಟರು ಎಂದಿನಂತೆ ಮೂಸಿದರು. ಆ ಹಿರಿಯರು ಬುಟ್ಟಿ ಹಿಡಿದುಕೊಂಡು ಹಾಗೇ ನಿಂತುಬಿಟ್ಟರು.

"ಯಾಕ್ರಿ ಡಾಕ್ಟ್ರ, ರೊಟ್ಟಿ ಚಲೋ ಇಲ್ಲೇನ್ರಿ?"

"ಭಾಳ ಚಲೋ ಅದಾವರಿ ಯಜಮಾನ್ರ. ಇನ್ನೊಂದು ಹಾಕ್ರಿ."

ಇನ್ನೊಂದು ಹಾಕಿಸಿಕೊಂಡರು. ಅದನ್ನೂ ಮೂಸಿದರು. ಆ ಯಜಮಾನರು ಮತ್ತೆ ನಮ್ಮ ಸಾಲಿನ ಕಡೆ ಬರಲಿಲ್ಲ. ಮಜ್ಜಿಗೆ ಹಾಕಲಿಕ್ಕೂ ಬೇರೆಯವರನ್ನು ಕಳಿಸಿದರು.

ಹೋದ ತಿಂಗಳು ಅವರು ತೀರಿಕೊಂಡರು. ನೌಕರಿ ಇನ್ನೂ ಕೆಲವು ವರ್ಷ ಬಾಕಿ ಇತ್ತು. ಸುದ್ದಿ ತಂದವನು ನನ್ನ ಎದುರಿಗೇ, "ಆ ರೊಟ್ಟಿ ಮೂಸೂ ಡಾಕ್ಟರು ಹೋದ್ರಂತಲ್ರಿ" ಅಂದ. ಅವನಿಗೆ ನಾಲ್ಕು ಮಾತು ಅಂದೇಬಿಟ್ಟೆ. ಸತ್ತವರಿಗೆ ಅಡ್ಡಹೆಸರು ಹಿಡಿದು ಕರೆಯುವುದು ಯಾವ ಊರಿನ ರೀತಿ? ಆದರೆ ಅವನದೇನು ತಪ್ಪು, ತಾಲೂಕಿಗೆಲ್ಲ ಅವರ ಗುರುತು ಅಷ್ಟೇ. ಮೊದಲು ಅವರು ಹಾಗಿರಲಿಲ್ಲ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ನನಗೆ ಗೊತ್ತು. ಹುನಗುಂದಕ್ಕೆ ಬಂದ ಹೊಸದರಲ್ಲಿ ತಾಟಿನಲ್ಲಿ ಏನು ಬಿದ್ದಿದೆ ಎಂದು ಕೂಡ ನೋಡುತ್ತಿರಲಿಲ್ಲ. ಮಾತಿನ ಭರದಲ್ಲಿ ಸಾರಿನೊಳಗಿನ ಕರಿಬೇವಿನ ಕಡ್ಡಿಯನ್ನೂ ಅಗಿದು ನುಂಗಿದ ಮನುಷ್ಯ.

ನಾನು ಅಲ್ಲಿಯ ದನದ ದವಾಖಾನೆಯಲ್ಲಿ ಕಂಪೌಂಡರ್. ನನ್ನ ಊರು ಇಳಕಲ್ಲು. ನಮ್ಮ ಅಪ್ಪ ಸೀರೆ ನೇಯುತ್ತಿದ್ದರು. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಡುವ ಬದಲು ಎಮ್ಮೆಯ ಬಾಯಲ್ಲಿ ಕೈಯಿಡುವ ಕೆಲಸ ನನ್ನ ಹಣೆಯಲ್ಲಿ ಬರೆದಿತ್ತು. ಎಪ್ಪತ್ತರ ದಶಕದ ಕೊನೆಯಲ್ಲಿ ಡಾಕ್ಟರು ಅಲ್ಲಿಗೆ ವರ್ಗವಾಗಿ ಬಂದರು. ಆಗಷ್ಟೇ ಬಿಳಿ ಹಂದಿಯ ಯೋಜನೆ ಬಂದಿತ್ತು. ಊರ ಕರಿ ಹಂದಿಗಳಿಗಿಂತ ಬೇಗ ಬೆಳೆಯುವ ಪರದೇಶಿ ತಳಿಯ ಹೆಣ್ಣುಹಂದಿಯನ್ನು ಹಂದಿ ಸಾಕುವ ಮನೆತನಗಳಿಗೆ ಕೊಡುವುದು, ಅದರ ಮರಿಗಳು ಬೆಳೆದರೆ ಆ ಹಂದಿ ಅವರದೇ. ಹಿಂದಿನ ಡಾಕ್ಟರು ಆ ಯೋಜನೆಯ ಕಾಗದಗಳನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿದ್ದರು. ಇವರು ಬಂದ ವಾರವೇ ತೆಗೆಸಿದರು.

ಅವರು ಲಿಂಗವಂತರು, ಅದೂ ಪೂಜೆ ಮಾಡದೆ ನೀರು ಕುಡಿಯದ ಮನೆತನ. ಕೊರಳಲ್ಲಿ ಲಿಂಗದ ಬೆಳ್ಳಿಯ ಕರಡಿಗೆ. ಹಂದಿಯ ಗೂಡಿಗೆ ಬಗ್ಗುವ ಮೊದಲು ಆ ಕರಡಿಗೆಯನ್ನು ಅಂಗಿಯೊಳಗೆ ಸೇರಿಸಿ, ಮೇಲಿನ ಗುಂಡಿಯವರೆಗೂ ಹಾಕಿಕೊಳ್ಳುತ್ತಿದ್ದರು. ಪೇಟೆಯಲ್ಲಿ ಆಡಿಕೊಳ್ಳದವರಿಲ್ಲ. ಒಬ್ಬ ಅಂಗಡಿಯವನು ಎದುರಿಗೇ ಕೇಳಿದ: "ಲಿಂಗ ಕಟ್ಕೊಂಡು ಹಂದಿ ಮುಟ್ತೀರೆಲ್ಲರಿ ಡಾಕ್ಟ್ರ?"

"ಲಿಂಗಕ್ಕ ಮೂಗಿಲ್ಲಪಾ," ಎಂದರು ಇವರು. "ಮೂಗಿರೂದು ನಿಮಗಷ್ಟ."

ಇನ್ನು ನನ್ನ ಫಜೀತಿ. ಹಂದಿಯ ಮೈ ಮುಟ್ಟುವುದು ನಮಗೆ ಹರಾಮು. ಹೊಸ ಸಾಹೇಬರಿಗೆ ಇದನ್ನು ಹೇಗೆ ಹೇಳುವುದೆಂದು ಎರಡು ದಿನ ಒದ್ದಾಡಿದ್ದೆ. ಹೇಳಬೇಕಾಗಲೇ ಇಲ್ಲ. ಮೊದಲ ಸಲ ಇಳಕಲ್ಲಿನ ಹಂದಿ ಸಾಕುವವರ ಓಣಿಗೆ ಹೋದಾಗ, ಸೈಕಲ್ಲನ್ನು ನನ್ನ ಕೈಗೆ ಕೊಟ್ಟು ಅಂದರು: "ನೋಡು ತಮ್ಮಾ, ನಾ ಹಂದಿ ಮುಟ್ಟಬಾರದು ಅನ್ನೂದು ನಮ್ಮ ಮಂದಿ ಮಾತು. ನೀ ಮುಟ್ಟಬಾರದು ಅನ್ನೂದು ನಿನ್ನ ದೇವರ ಮಾತು. ನಿಂದು ದೊಡ್ಡ ಆರ್ಡರು. ನೀ ಹೊರಗ ನಿಂದ್ರು, ಔಷಧ ಕಲಸಿ ಕೊಡು. ಒಳಗಿಂದು ನಾ ನೋಡ್ಕೋತೇನಿ."

ಅವತ್ತಿನಿಂದ ನಾನು ಹೊರಗೆ ಸೈಕಲ್ ಹಿಡಿದು ನಿಲ್ಲುವ ಕಂಪೌಂಡರ್. ಆ ಮನುಷ್ಯ ಒಂದು ಸಲವಾದರೂ, ಹಂದಿ ಕೊಸರಿ ಅವರನ್ನು ಕೆಸರಿಗೆ ಕೆಡವಿದಾಗಲೂ, "ಒಳಗ ಬಾ" ಅನ್ನಲಿಲ್ಲ. ಕೆಸರು ಬಳಿದುಕೊಂಡು ಎದ್ದು ನನ್ನನ್ನು ನೋಡಿ ತಾವೇ ನಗುತ್ತಿದ್ದರು. ಮನೆಗೆ ಹೋದರೆ ಅವರ ಹೆಂಡತಿ ಹಿತ್ತಲ ಬಾಗಿಲಲ್ಲಿ ಬೇವಿನ ತಪ್ಪಲು ಹಾಕಿ ಕಾಯಿಸಿದ ನೀರಿಟ್ಟು ಕಾಯುತ್ತಿದ್ದರು. ಆ ತಾಯಿ ಬೈಯುತ್ತಿದ್ದರು, ಆದರೆ ನೀರು ಆರಲಿಕ್ಕೆ ಬಿಡುತ್ತಿರಲಿಲ್ಲ.

ಆ ಓಣಿಯಲ್ಲಿ ಮೊದಲ ಬಿಳಿ ಹಂದಿ ಸಿಕ್ಕಿದ್ದು ದುರಗವ್ವ ಎಂಬ ಹೆಣ್ಣುಮಗಳಿಗೆ. ಗಂಡ ಸತ್ತು ಕೆಲವು ವರ್ಷವಾಗಿತ್ತು. ಮಾತು ಕಡಿಮೆ, ಕಣ್ಣು ಚುರುಕು. ಅವಳಿಗೊಬ್ಬ ಸಣ್ಣ ಮಗಳು, ಹುಲಿಗಿ. ನಾನು ಹೊರಗೆ ನಿಲ್ಲುತ್ತಿದ್ದವನಾದ್ದರಿಂದ ಹುಲಿಗಿ ನನಗೆ ಜೊತೆಗಾರಳಾದಳು. ಸೈಕಲ್ಲಿನ ಗಂಟೆ ಬಾರಿಸುವುದೆಂದರೆ ಅವಳಿಗೆ ಊಟಕ್ಕಿಂತ ಹೆಚ್ಚು. ಡಾಕ್ಟರು ಒಳಗಿಂದಲೇ ಕೂಗುತ್ತಿದ್ದರು, "ಯಾರವ್ವ ಅಕಿ, ಸಾಲಿ ಬಿಟ್ಲೇನು?" ಹುಲಿಗಿ ಇನ್ನೂ ಜೋರಾಗಿ ಬಾರಿಸುತ್ತಿದ್ದಳು.

ಮೊದಲ ಸೂಲಿನ ಮರಿಗಳು ಮುತ್ತಿನಂತಿದ್ದವು. ಹಾಲು ಬಿಟ್ಟು ಕೂಳು ತಿನ್ನಲು ಹತ್ತಿದವೋ ಇಲ್ಲವೋ, ಒಂದೊಂದಾಗಿ ಬಾಡಿದವು. ರಕ್ತ ಬಿದ್ದ ಭೇದಿ, ಕೂದಲು ನಿಮಿರಿ ನಿಂತದ್ದು, ಕೂಳು ಕಂಡರೆ ಮುಖ ತಿರುವುವುದು. ನಮ್ಮ ದವಾಖಾನೆಯಲ್ಲಿದ್ದ ಔಷಧವೆಲ್ಲ ಮುಗಿಯಿತು, ಮರಿಗಳೂ ಮುಗಿದವು. ಡಾಕ್ಟರು ಸತ್ತದ್ದನ್ನು ಕೊಯ್ದು ನೋಡಿದರು. ಯಕೃತ್ತು ಹಳದಿಯಾಗಿತ್ತಂತೆ. ಕರುಳಿನ ಒಳಗಿನ ಪದರು ನೆನೆದ ಕಾಗದದ ಹಾಗೆ ಕೈಗೆ ಕಿತ್ತು ಬರುತ್ತಿತ್ತಂತೆ. ಹೊರಗೆ ಬಂದು ಕೈ ತೊಳೆದುಕೊಂಡು ದುರಗವ್ವನಿಗೆ, "ಏನು ಹಾಕ್ತಿದ್ದಿ ಇವಕ್ಕ? ತೋರಸು," ಅಂದರು. ಅವಳು ಒಳಗಿಂದ ಒಂದು ಬೊಗಸೆ ಜೋಳ ತಂದಳು. ಕಪ್ಪು, ಹಸಿರು ಬೂಷ್ಟು ಹಿಡಿದು ಒಂದಕ್ಕೊಂದು ಅಂಟಿಕೊಂಡಿದ್ದ ಕಾಳು. ನಾಲ್ಕು ಮಾರು ದೂರದಲ್ಲಿದ್ದ ನನಗೂ ಮುಗ್ಗಲು ವಾಸನೆ ಬಂತು.

ಅದು ಹಗೇವಿನ ಜೋಳ. ನಮ್ಮ ಕಡೆ ಸ್ಥಿತಿವಂತರು ನೆಲದಲ್ಲಿ ಆಳವಾದ ಹಗೇವು ತೋಡಿ ಜೋಳ ತುಂಬಿ ಮುಚ್ಚಿಡುತ್ತಾರೆ. ವರ್ಷಗಟ್ಟಲೆ ಇರುತ್ತದೆ. ಮುಂಗಾರಿನ ಹೊತ್ತಿಗೆ ತೆರೆದಾಗ ನಡುವಿನ ಕಾಳು ಬಂಗಾರ. ಆದರೆ ಗೋಡೆಗೆ, ತಳಕ್ಕೆ ತಾಗಿದ್ದು ತಂಪು ಹಿಡಿದು ಮುಗ್ಗಿರುತ್ತದೆ. ಅದನ್ನು ಕೆರೆದು ತೆಗೆದು ಹಂದಿ ಸಾಕುವವರಿಗೆ ಕೊಡುವುದು ಹಿಂದಿನಿಂದ ಬಂದ ರೂಢಿ. ಅವರು ವರ್ಷವೆಲ್ಲ ಮನೆಯ ಹೊರಗಿನ ಕೆಲಸ ಮಾಡಿಕೊಡುತ್ತಾರೆ, ಇವರು ಹಗೇವು ತೆರೆದಾಗ ಇದನ್ನು ಕೊಡುತ್ತಾರೆ. ಕೊಡುವವರು ಪುಣ್ಯ ಎಂದು ಕೊಡುತ್ತಿದ್ದರು, ಒಯ್ಯುವವರು ಹಕ್ಕು ಎಂದು ಒಯ್ಯುತ್ತಿದ್ದರು.

ದುರಗವ್ವನಿಗೆ ಆ ಜೋಳ ಕೊಟ್ಟ ಸಾವ್ಕಾರರ ಮನೆ ಇಳಕಲ್ಲಿನ ಹತ್ತಿರದ ಹಳ್ಳಿಯಲ್ಲಿತ್ತು. ಡಾಕ್ಟರು ನನ್ನನ್ನು ಕರೆದುಕೊಂಡು ಹೋದರು. ಸಾವ್ಕಾರರು ಒಳ್ಳೆಯ ಮನುಷ್ಯ, ಅದೇ ತೊಂದರೆ. ಕಟ್ಟೆಯ ಮೇಲೆ ಕೂಡಿಸಿ ನೀರು ಕೊಟ್ಟರು. ಡಾಕ್ಟರು ವಿಷಯ ಹೇಳಿದರು: ಆ ಜೋಳದಲ್ಲಿ ಬೂಷ್ಟಿನ ವಿಷ ಇದೆ, ಯಾರಿಗೂ ಕೊಡಬೇಡಿ, ಸುಟ್ಟುಬಿಡಿ.

ಸಾವ್ಕಾರರು ನೀರಿನ ತಂಬಿಗೆ ಬದಿಗಿಟ್ಟರು. ಆಮೇಲೆ ಮೆಲ್ಲಗೆ ಅಂದರು: "ಡಾಕ್ಟ್ರ, ನೀವು ಲಿಂಗ ಕಟ್ಟಿದವರು, ನಿಮಗ ನಾ ಹೇಳೂದೇನೈತಿ? ನಮ್ಮ ಮನ್ಯಾಗ ಉಂಡ ತಾಟು ತೊಳದು ಆ ನೀರು ಕುಡೀತೇವಿ. ಒಂದು ಕಾಳು ಚೆಲ್ಲಂಗಿಲ್ಲ. ಜ್ವಾಳಕ್ಕ ಬೆಂಕಿ ಹಚ್ಚು ಅಂತೀರಿ. ಅನ್ನ ಸುಟ್ಟ ಮನಿ ಉದ್ಧಾರ ಆಗೂದುಂಟೇನ್ರಿ?"

"ಅದು ಅನ್ನ ಆಗಿ ಉಳದಿಲ್ಲರಿ."

"ನಮಗ ಉಳದಿಲ್ಲ. ಹಂದಿಗೆ ಉಳದೈತಿ. ಅದಕ್ಕ ಏನು ಹಾಕಿದ್ರೂ ಅರಗತೈತಿ."

"ಅರಗಲಿಲ್ಲ. ನಾ ಕೊಯ್ದು ನೋಡೇನಿ."

"ಹಂದಿ ಕೊಯ್ದ ಕೈಲೆ ಬಂದು ನಮ್ಮ ಕಟ್ಟಿ ಮ್ಯಾಲ ಕುಂತೀರಿ, ನಾ ಏನರೆ ಅಂದ್ನೇನ್ರಿ? ಹಂಗ ನನ್ನ ಜ್ವಾಳಕ್ಕೂ ನೀವು ಏನೂ ಅನಬ್ಯಾಡ್ರಿ."

ದಾರಿಯಲ್ಲಿ ಡಾಕ್ಟರು ಸೈಕಲ್ ತಳ್ಳಿಕೊಂಡೇ ನಡೆದರು. ಹಳ್ಳ ದಾಟಿದ ಮೇಲೆ, "ಆತ ಕೆಟ್ಟ ಮನುಷ್ಯಾ ಆಗಿದ್ರ ಚಲೋ ಇತ್ತು ನೋಡು. ಬೈದಾದ್ರೂ ಬರ್ತಿದ್ದೆ," ಅಂದರು.

ಎರಡನೆಯ ಸೂಲಿನ ಮರಿಗಳೂ ಸತ್ತರೆ ಹಂದಿಯನ್ನು ವಾಪಸು ಒಯ್ಯುವುದೆಂದು ಮೇಲಿನ ಸಾಹೇಬರು ಹೇಳಿ ಕಳಿಸಿದರು. ಹಂದಿ ಹೋದರೆ ದುರಗವ್ವನ ಬಾಳುವೆ ಮತ್ತೆ ಓಣಿ ಗುಡಿಸುವುದಕ್ಕೇ. ಅವಳ ಮನೆಯಲ್ಲಿ ಆ ಹಗೇವಿನ ಜೋಳ ಇನ್ನೂ ಚೀಲಗಟ್ಟಲೆ ಇತ್ತು. ಬೇರೆ ಕಾಳು ತರುವ ಶಕ್ತಿ ಇರಲಿಲ್ಲ. ಕೂಳು ಬದಲಿಸಲಾಗದು, ಮರಿ ಉಳಿಯಬೇಕು. ಡಾಕ್ಟರು ಎಲ್ಲೆಲ್ಲಿಂದಲೋ ಪುಸ್ತಕ ತರಿಸಿ ಓದಿದರು, ಧಾರವಾಡಕ್ಕೆ ಹೋಗಿ ತಮಗೆ ಕಲಿಸಿದವರನ್ನು ಕೇಳಿ ಬಂದರು. ಉಪಾಯ ಸಿಕ್ಕಿ ಬಂದ ದಿನ ಅವರ ಮುಖ ನೋಡಬೇಕಾಗಿತ್ತು.

ದುರಗವ್ವನ ಗುಡಿಸಲಿನ ಗೋಡೆಗೆ ತುಕ್ಕು ಹಿಡಿದ ಕುಡಗೋಲೊಂದು ಸಿಕ್ಕಿಸಿತ್ತು. ಅದನ್ನೇ ತೆಗೆದುಕೊಂಡು ಪಾಠ ಶುರು ಮಾಡಿದರು. "ನೋಡವ್ವ ದುರಗವ್ವ, ಕುಡಗೋಲಿಗೆ ಜಂಗು ಹಿಡದು ಹೆಂಗ ತಿಂದೈತಿ? ಬೂಷ್ಟಿನ ವಿಷ ಹೊಟ್ಟ್ಯಾಗ ಹೋತಂದ್ರ ಮರಿ ಕರಳಿಗೆ ಹಿಂಗ ಜಂಗು ಹಿಡಸತೈತಿ. ಸಣ್ಣ ಮರಿ, ಎಳೀ ಕರಳು, ತಡಕೊಳ್ಳಂಗಿಲ್ಲ. ಈ ಕುಡಗೋಲಿಗೆ ಎಣ್ಣಿ ಒರಸಿ ಇಟ್ಟಿದ್ರ ಜಂಗು ಹಿಡೀತಿತ್ತೇನು?"

"ಇಲ್ರಿ."

"ಕರಳಿಗೂ ಅಂಥಾ ಎಣ್ಣಿ ಐತಿ. ಹಸಿ ತಪ್ಪಲಾ, ನುಗ್ಗಿ ತಪ್ಪಲಾ, ಅರಿಷಿಣ. ಗುಳಿಗಿ ನಾ ತಂದು ಕೊಡ್ತೇನಿ. ಕೂಳಿನ ಜೋಡಿ ದಿನಾ ಹಾಕು."

"ಹಾಕಿದ್ರ ವಿಷ ಹತ್ತಂಗಿಲ್ಲೇನ್ರಿ?"

"ಹತ್ತಂಗಿಲ್ಲ," ಅಂದರು ಡಾಕ್ಟರು.

ಆ ಒಂದು ಮಾತು ನೆನಪಿಡಿ.

ಹಸಿ ತಪ್ಪಲು ಅಂದರೆ ಅವರಿಗೆ ಬೇಕಾದದ್ದು ಕುದುರೆಮೆಂತೆ ಎಂಬ ಮೇವಿನ ಹುಲ್ಲು, ಅದು ನಮ್ಮ ಕಡೆ ಸಿಗುತ್ತಿರಲಿಲ್ಲ. ಬಾಗಲಕೋಟೆಯ ಟಾಂಗಾದವರು ಕುದುರೆಗೆಂದು ತರಿಸುತ್ತಿದ್ದರು. ಡಾಕ್ಟರು ಅವರ ಕುದುರೆಗಳಿಗೆ ಔಷಧ ಕೊಟ್ಟು ಬದಲಿಗೆ ಮೆಂತೆಯ ಸೂಡು ತರುತ್ತಿದ್ದರು. ಬಸ್ಸಿನಲ್ಲಿ ತೊಡೆಯ ಮೇಲೆ ಹುಲ್ಲಿನ ಸೂಡು ಇಟ್ಟುಕೊಂಡು ಕೂತ ಡಾಕ್ಟರನ್ನು ನೋಡಿ ಕಂಡಕ್ಟರ್ ಒಮ್ಮೆ, "ಊಟಾ ಕಟ್ಟಿಸ್ಕೊಂಡು ಬಂದೀರೇನ್ರಿ?" ಅಂದ. ಬಸ್ಸಿಗೆ ಬಸ್ಸೇ ನಕ್ಕಿತು, ಇವರೂ ನಕ್ಕರು. ಅರಿಷಿಣದ ಜವಾಬ್ದಾರಿ ಹುಲಿಗಿಯದು. ಮರಿಗಳ ಕೂಳಿಗೆ ಅರಿಷಿಣ ಹಾಕಿ ಕಲಸಿ, ಮೊಣಕೈವರೆಗೂ ಹಳದಿಯಾಗಿ, "ನಾ ಮದಿಮಗಳಾಗೇನಿ" ಎಂದು ನನ್ನ ಮುಂದೆ ಕುಣಿಯುತ್ತಿದ್ದಳು.

ಮರಿಗಳು ಉಳಿದವು. ಒಂದೆರಡು ಸೊರಗಿದವು ನಿಜ, ಆದರೆ ಉಳಿದವು ಉಂಡು ಗುಂಡಾಗಿ, ಚೀರಾಡಿ, ಓಣಿಯನ್ನೇ ತಲೆಯ ಮೇಲೆ ಹೊತ್ತವು. ನಮ್ಮ ಡಾಕ್ಟರಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮೇಲಿನ ಸಾಹೇಬರು ಜೀಪಿನಲ್ಲಿ ಬಂದು ನೋಡಿ, ಇದನ್ನು ಸಭೆಯಲ್ಲಿ ಹೇಳಬೇಕು ಎಂದರು. ಹಿಂದಿರುಗುವಾಗ ಡಾಕ್ಟರು ಸೈಕಲ್ ತುಳಿಯುತ್ತ ದಾರಿಯುದ್ದಕ್ಕೂ ಶೀಟಿ ಹಾಕಿದರು. ಅವರಿಗೆ ಶೀಟಿ ಹಾಕಲು ಬರುತ್ತದೆಂದು ನನಗೆ ಅವತ್ತೇ ತಿಳಿದದ್ದು.

ಶಿವರಾತ್ರಿಯ ಹಿಂದಿನ ವಾರವಿರಬೇಕು. ಡಾಕ್ಟರು ಗೂಡಿನಲ್ಲಿದ್ದರು, ನಾನು ಎಂದಿನಂತೆ ಹೊರಗೆ. ಗಂಟೆ ಬಾರಿಸಲು ಹುಲಿಗಿ ಬರಲಿಲ್ಲ. ನೋಡಿದರೆ ಬಾಗಿಲಲ್ಲಿ ಗೋಡೆಗೆ ಒರಗಿ ಕೂತಿದ್ದಾಳೆ. ಕರೆದರೆ ಸುಮ್ಮನೆ ನಕ್ಕಳು. ಹೊಟ್ಟೆ ಉಬ್ಬಿತ್ತು, ಕಾಲು ಬಡಕಲಾಗಿದ್ದವು. ಕಣ್ಣಿನ ಬಿಳಿಭಾಗ ಅರಿಷಿಣ. ದುರಗವ್ವ ಒಲೆಯ ಮುಂದಿನಿಂದ ಎದ್ದು ಬಂದು, ಒಂದು ರೊಟ್ಟಿಯ ಮೇಲೆ ಕಾರ ಹಚ್ಚಿ ನನ್ನ ಕೈಗೆ ಕೊಟ್ಟಳು. "ದಿನಾ ಹೊರಗ ನಿಂತು ಹೋಕ್ಕೀರಿ ಕಂಪೌಂಡ್ರ. ಹಂದಿ ಮುಟ್ಟದಿದ್ರ ಬಿಡ್ರಿ, ರೊಟ್ಟಿ ಅರೆ ತಿನ್ರಿ."

ನಾನು ಕಡಿದೆ. ಕಾರ ಇದ್ದರೂ ಕಹಿ ನಾಲಿಗೆಗೆ ತಾಗಿತು. ಆ ಕಹಿಯ ಹಿಂದೆ ಮುಗ್ಗಲು. ರೊಟ್ಟಿ ಹಳದಿಯಾಗಿತ್ತು.

"ಸರ್," ಎಂದು ಕರೆದೆ. ನನ್ನ ದನಿಯಲ್ಲಿ ಏನಿತ್ತೋ, ಅವರು ಕೈಯನ್ನೂ ತೊಳೆಯದೆ ಬಂದರು. ರೊಟ್ಟಿಯನ್ನು ಅವರ ಬಾಯಿಯ ಹತ್ತಿರ ಹಿಡಿದೆ. ಕಡಿದರು, ಅಗಿದರು. ಅಗಿಯುವುದು ನಿಂತಿತು.

"ದುರಗವ್ವ, ಇದು ಯಾವ ಜ್ವಾಳ?"

"ಅದ ರಿ. ಹಗೇವಿಂದು."

"ಹಂದಿ ಜ್ವಾಳ ನೀವು ತಿಂತೀರೇನು?"

ಅವಳಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಹಂದಿ ಜ್ವಾಳ ಅಲ್ಲರಿ ಅದು, ನಮ್ಮ ಜ್ವಾಳ. ನಮಗ ತಗದು ಮಿಕ್ಕಿದ್ದು ಹಂದಿಗೆ. ಮೊದಲ ಭಾಳ ಕರೆಗಾದ ಕಾಳು ಆರಿಸಿ ಒಗೀತಿದ್ದೆ. ಈಗ ಒಗ್ಯಂಗಿಲ್ಲ. ನೀವ ಹೇಳಿದ್ರೆಲ್ಲರಿ, ತಪ್ಪಲಾ ಅರಿಷಿಣಾ ಹಾಕಿದ್ರ ವಿಷ ಹತ್ತಂಗಿಲ್ಲಂತ. ಮರಿ ಉಳದದ್ದು ಕಣ್ಣಿಲೆ ಕಂಡೇನಿ. ನಾವೂ ಹಿಟ್ಟಿನ್ಯಾಗ ಅರಿಷಿಣಾ ಹಾಕ್ಕೊಂಡ ಬಡೀತೇವಿ. ಹುಲಿಗಿಗೆ ಒಂದೀಟು ಜಾಸ್ತಿನ ಹಾಕ್ತೇನಿ."

ಡಾಕ್ಟರು ಬಾಯಲ್ಲಿದ್ದದ್ದನ್ನು ಉಗುಳಲಿಲ್ಲ. ಅವಳ ಎದುರಿಗೆ ಹೇಗೆ ಉಗುಳುವುದು? ನುಂಗಿದರು. ಆಮೇಲೆ ಹುಲಿಗಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಅವಳ ಕಣ್ಣಿನ ರೆಪ್ಪೆ ಕೆಳಗೆ ಎಳೆದು ನೋಡಿದರು.

ಅದೇ ದಿನ ಬಸ್ಸಿನಲ್ಲಿ ಬಾಗಲಕೋಟೆಯ ಸರ್ಕಾರಿ ದವಾಖಾನೆಗೆ ಹೋದೆವು. ಹುಲಿಗಿ ಡಾಕ್ಟರ ತೊಡೆಯ ಮೇಲೆ, ಮೆಂತೆಯ ಸೂಡು ಇರುತ್ತಿದ್ದ ಜಾಗದಲ್ಲಿ. ದುರಗವ್ವ ಕೆಳಗೆ ಕೂತಿದ್ದಳು. ಅಲ್ಲಿಯ ಡಾಕ್ಟರು ಪರೀಕ್ಷೆ ಮಾಡಿ ಯಕೃತ್ತು ಹೋಗಿದೆ ಎಂದರು. ಇವರು ಎಲ್ಲ ಹೇಳಿದರು: ಜೋಳ, ಬೂಷ್ಟು, ಮರಿಗಳು, ಅರಿಷಿಣ. ಅವರು ಕೇಳಿಸಿಕೊಂಡು, "ಇರಬಹುದು" ಅಂದರು. ಅದರಿಂದಲೇ ಆಯಿತೆಂದು ಯಾರೂ ಹೇಳಲಿಲ್ಲ. ಅಲ್ಲವೆಂದೂ ಯಾರೂ ಹೇಳಲಿಲ್ಲ. ಯುಗಾದಿ ಕಾಣಲಿಲ್ಲ ಆ ಕೂಸು.

ಅವಳು ಹೋದ ದಿನ ದವಾಖಾನೆಯ ಹೊರಗೆ, ಟಾಂಗಾ ನಿಲ್ಲುವ ಬೇವಿನ ಮರದ ಕೆಳಗೆ, ಡಾಕ್ಟರು ನನ್ನ ಕಡೆ ನೋಡದೆ ಅಂದರು: "ಮರಿ ಆಗಿದ್ರ ಕೊಯ್ದು ನೋಡ್ತಿದ್ದೆ. ಖರೆ ಏನಂತ ತಿಳೀತಿತ್ತು." ಅಂದವರೇ ಬಾಯಿ ಮುಚ್ಚಿಕೊಂಡರು. ಆ ಮಾತು ತಮ್ಮ ಬಾಯಿಂದ ಬಂತೆಂದು ಅವರಿಗೇ ಅಂಜಿಕೆಯಾಗಿತ್ತು. ಬಾಯಿ ಮುಚ್ಚಿಕೊಂಡೇ ಅತ್ತರು. ಪರಿಚಯದ ಟಾಂಗಾದವನೊಬ್ಬ ಸೂಡು ಬೇಕೇನ್ರಿ ಎಂದು ಕೇಳಲು ಬಂದವನು ಹಾಗೇ ಹಿಂದೆ ಸರಿದ.

ಅವರದು ಪಾಪವೇ? ಇಷ್ಟು ವರ್ಷ ಯೋಚನೆ ಮಾಡಿದ್ದೇನೆ, ನನಗೆ ತಿಳಿದಿಲ್ಲ. ಅವರು ಓದಿದ್ದು ಸುಳ್ಳಲ್ಲ, ಮರಿಗಳು ಉಳಿದದ್ದೂ ಸುಳ್ಳಲ್ಲ. "ಹತ್ತೂದು ಕಡಿಮಿ ಆಗತೈತಿ ಅನ್ನಬೇಕಾಗಿತ್ತು," ಎಂದು ಆಮೇಲೆ ಎಷ್ಟೋ ಸಲ ಅಂದರು, ದವಾಖಾನೆಯಲ್ಲಿ ಮಂದಿ ಇಲ್ಲದ ಮಧ್ಯಾಹ್ನಗಳಲ್ಲಿ. "ಹತ್ತಂಗಿಲ್ಲ ಅಂದೆ. ಮತ್ತ, ಆ ಮನ್ಯಾಗ ಇನ್ನ್ಯಾರು ಅದನ್ನ ತಿಂತಾರಂತ ಕೇಳಲೇ ಇಲ್ಲ. ಹಂದಿ ಅಷ್ಟ ಕಂಡ್ವು ನನಗ." ನಾನು ಚಹಾ ತರಿಸುತ್ತಿದ್ದೆ. ಸಾಹೇಬರು ಹೇಳಿದ್ದ ಸಭೆಗೆ ಅವರು ಹೋಗಲಿಲ್ಲ.

ಮುಂದಿನ ಮುಂಗಾರಿನಲ್ಲಿ ಸಾವ್ಕಾರರ ಹಗೇವು ಮತ್ತೆ ತೆರೆಯಿತು. ಡಾಕ್ಟರು ನನ್ನನ್ನು ಕರೆದುಕೊಂಡು ಹೋದರು. ಮುಗ್ಗಿದ ಜೋಳ ಅಂಗಳದಲ್ಲಿ ಗುಡ್ಡೆ ಬಿದ್ದಿತ್ತು. ಇವರು ಈ ಸಲ ವಾದ ಮಾಡಲಿಲ್ಲ. ಕಟ್ಟೆಯ ಮೇಲೆ ಕೂತು, "ಸಾವ್ಕಾರ್ರ, ನನಗ ಹಸಿವ್ಯಾಗೇತಿ. ಆ ಜ್ವಾಳದ ಎರಡು ರೊಟ್ಟಿ ಮಾಡಸ್ರಿ. ನಿಮಗೊಂದು, ನನಗೊಂದು," ಅಂದರು.

ಸಾವ್ಕಾರರು ಅವರ ಮುಖವನ್ನೇ ನೋಡಿದರು. ಹುಲಿಗಿಯ ಸುದ್ದಿ ಅವರಿಗೂ ಮುಟ್ಟಿತ್ತು. ಒಳಗೆ ಹೇಳಿ ಕಳಿಸಿದರು. ಒಳಗಿನಿಂದ ಬೀಸುವ ಕಲ್ಲಿನ ಸಪ್ಪಳ ಬಂತು, ನಿಂತಿತು, ಮತ್ತೆ ಬಂತು. ಬಹಳ ಹೊತ್ತಿನ ಮೇಲೆ ಎರಡು ತಾಟಿನಲ್ಲಿ ಎರಡು ರೊಟ್ಟಿ ಬಂದವು. ಇಬ್ಬರೂ ಉಂಡರು. ಸಾವ್ಕಾರರಿಗೆ ನಡುವೆ ಒಮ್ಮೆ ಓಕರಿಕೆ ಬಂತು. ಆದರೂ ಬಿಡಲಿಲ್ಲ, ಅವರ ಮನೆಯಲ್ಲಿ ತಾಟಿನಲ್ಲಿ ಬಿಡುವುದಿಲ್ಲವಲ್ಲ. ಪೂರ್ತಿ ಉಂಡು, ತಾಟು ತೊಳೆದು, ಆ ನೀರನ್ನೂ ಕುಡಿದರು.

"ಕಹಿ ಐತಿ," ಅಂದರು. "ಇನ್ನ ಕೊಡಂಗಿಲ್ಲ."

ಕೊಟ್ಟ ಮಾತು ಉಳಿಸಿಕೊಂಡರು. ಸುಡಲಿಲ್ಲ. ಒಂದು ಹಳೆಯ ಹಗೇವಿಗೆ ಸುರಿದು ಮಣ್ಣು ಮುಚ್ಚಿಸಿದರು. ಅದರ ಬದಲಿಗೆ ಒಳ್ಳೆಯ ಜೋಳ ಕೊಡಬೇಕೆಂದು ಅವರಿಗೆ ಹೊಳೆಯಲಿಲ್ಲ. ಡಾಕ್ಟರು ಹೇಳಿದಾಗ, ಹಗೇವಿನ ಕೆರೆತ ಕೊಡುವುದು ರೂಢಿ, ನಡುವಿನ ಜೋಳ ಕೊಡುವ ರೂಢಿ ಎಲ್ಲಿದೆ ಎಂದು ಕೇಳಿದರು. ಅವರನ್ನು ನೋಡಿ ಉಳಿದ ಹಗೇವಿನವರೂ ಕೊಡುವುದನ್ನು ನಿಲ್ಲಿಸಿದರು. ಹದಿನೈದು ದಿನವೂ ಆಗಿರಲಿಲ್ಲ, ದುರಗವ್ವ ಹುನಗುಂದದ ದವಾಖಾನೆಗೆ ನಡೆದುಕೊಂಡು ಬಂದಳು. ಒಳಗೆ ಬರಲಿಲ್ಲ. ಬಾಗಿಲಲ್ಲಿ ನಿಂತು ಮಾತಾಡಿದಳು. ದನಿ ಏರಿಸಲೂ ಇಲ್ಲ.

"ಡಾಕ್ಟ್ರ, ಕಹಿ ಇದ್ರೂ ನಮ್ಮ ಪಾಲಿನ ಕಾಳದು. ಹುಲಿಗಿನ್ನ ಮಣ್ಣಾಗ ಇಟ್ವಿ. ಈಗ ಜ್ವಾಳಾನೂ ಮಣ್ಣಾಗ ಹಾಕಿಸಿದ್ರಿ. ನಿಮ್ಮ ಮಾತು ಕೇಳಿ ನನ್ನ ಮನ್ಯಾಗ ಉಳದದ್ದೇನು, ನೀವ ಹೇಳ್ರಿ."

ಅವರು ಕುರ್ಚಿಯಿಂದ ಎದ್ದು ನಿಂತಿದ್ದರು. ಅವಳು ತಿರುಗಿ ಹೊರಟುಹೋದಳು.

ಆ ವಾರವೇ ಅವರು ಬಾದಾಮಿ ಕಡೆಯ ತಮ್ಮ ಊರಿಗೆ ಹೋದರು. ಬಸ್ಸಿನ ಮೇಲೆ ಒಂದು ಚೀಲ ಜೋಳ ಹಾಕಿಕೊಂಡು ಬಂದರು, ತಮ್ಮ ಹೊಲದ್ದು. ದವಾಖಾನೆಯ ಒಳಗೆ ಚೀಲ ಬಿಚ್ಚಿ ಕೂತು, ಹಿಡಿ ಹಿಡಿಯಾಗಿ ತೆಗೆದು ಮೂಸಿದರು, ಕಾಳನ್ನು ಹಲ್ಲಿಗೆ ಹಾಕಿ ಕಡಿದರು. ತಳದವರೆಗೂ.

ಮೂಸುವುದು ಶುರುವಾದದ್ದು ಅಲ್ಲಿಂದ. ಮೊದಲು ದುರಗವ್ವನ ಚೀಲ. ಆಮೇಲೆ ತಮ್ಮ ಮನೆಯ ಹಿಟ್ಟು. ಆಮೇಲೆ ಕಂಡವರ ಮನೆಯ ರೊಟ್ಟಿ. ನಾನೊಮ್ಮೆ ಧೈರ್ಯ ಮಾಡಿ, "ಸರ್, ಮಂದಿ ತಪ್ಪು ತಿಳೀತಾರ," ಅಂದೆ. "ತಿಳೀಲಿ ಬಿಡು," ಅಂದರು. "ಅವತ್ತ ನಾ ಅಕಿ ಮನಿ ಹೊಸ್ತಲದಾಗ ಒಂದು ಸಲ ಮೂಸಿದ್ರ ಸಾಕಾಗಿತ್ತು."

ಚೀಲವನ್ನು ಅವಳ ಮನೆಗೆ ಮುಟ್ಟಿಸುವ ಕೆಲಸ ನನ್ನದು. ದುರಗವ್ವ ಬೇಡವೆನ್ನಲಿಲ್ಲ, ಒಂದು ಒಳ್ಳೆಯ ಮಾತೂ ಆಡಲಿಲ್ಲ. ಚೀಲ ಇಳಿಸಿಕೊಂಡು ಖಾಲಿ ಚೀಲ ವಾಪಸು ಕೊಡುತ್ತಿದ್ದಳು. ಡಾಕ್ಟರು ಅವಳ ಓಣಿಗೆ ಹೋದಾಗ ಹಂದಿ ತೋರಿಸುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಅಷ್ಟೇ. ಅವರಿಗೆ ವರ್ಗವಾದ ಮೇಲೂ ವರ್ಷವರ್ಷ ಚೀಲ ಇಳಕಲ್ಲಿನ ಬಸ್‌ಸ್ಟ್ಯಾಂಡಿಗೆ ಬರುತ್ತಿತ್ತು, ನಾನು ಮುಟ್ಟಿಸುತ್ತಿದ್ದೆ. ಬೇರೆ ಊರಿನಲ್ಲೂ ಹಂದಿ ಸಾಕುವವರಿಗೆ ತಪ್ಪಲು, ಅರಿಷಿಣ ಹೇಳುವುದನ್ನು ಅವರು ಬಿಡಲಿಲ್ಲವಂತೆ. ಆದರೆ ಮೊದಲು ಮನೆಯೊಳಗೆ ಹೋಗಿ ರೊಟ್ಟಿ ಕೇಳಿ ತಿನ್ನುತ್ತಿದ್ದರಂತೆ. ಆಮೇಲೆ ಹಂದಿ. ಸಿಕ್ಕಾಗಲೆಲ್ಲ ನನ್ನನ್ನು ಅವರು ಕೇಳುತ್ತಿದ್ದದ್ದು ಒಂದೇ: "ಅಕಿ ಏನರೆ ಅಂದ್ಲೇನು?"

"ಇಲ್ರಿ ಸರ್."

"ಆತು ಬಿಡು."

ಅವರ ತಿಥಿಗೆ, ಶಿವಗಣಾರಾಧನೆಗೆ, ಅವರ ಊರಿಗೆ ಹೋಗಲು ಇಳಕಲ್ಲಿನ ಬಸ್‌ಸ್ಟ್ಯಾಂಡಿಗೆ ಬಂದೆ. ಅಲ್ಲಿ ದುರಗವ್ವ ಕೂತಿದ್ದಳು, ಒಗೆದ ಸೀರೆ ಉಟ್ಟು. ತಲೆ ನರೆತಿತ್ತು. ಯಾರು ಹೇಳಿದರೋ ಕೇಳಲಿಲ್ಲ. ಒಂದೇ ಬಸ್ಸು ಹತ್ತಿದೆವು. ಆ ಮನೆಯ ಅಂಗಳದಲ್ಲಿ ಊಟಕ್ಕೆ ಸಾಲು ಕೂತಾಗ ಅವಳು ದೂರ, ಗೋಡೆಯ ಬುಡದಲ್ಲಿ ನಿಂತಳು. ಡಾಕ್ಟರ ಹೆಂಡತಿ ಅಷ್ಟು ದೂರದಿಂದ ನೋಡಿದರು. ಎಂದೂ ಕಂಡವರಲ್ಲ. ಆದರೂ ನೇರವಾಗಿ ಬಂದು, "ದುರಗವ್ವ ಹೌದಲ್ಲ? ಇತ್ತ ಬಾರವ್ವ," ಎಂದು ಕೈಹಿಡಿದು ತಂದು ನನ್ನ ಮಗ್ಗುಲಿಗೆ ಕೂಡಿಸಿದರು. ತಾವೇ ಬುಟ್ಟಿ ತಂದು ನೀಡಿದರು.

ರೊಟ್ಟಿ ಮುರಿದೆ. ನನಗೇ ಗೊತ್ತಿಲ್ಲದೆ ಚೂರು ಮೂಗಿನ ಹತ್ತಿರ ಹೋಗಿತ್ತು.

ದುರಗವ್ವ ನನ್ನ ಕೈಯನ್ನೇ ನೋಡುತ್ತಿದ್ದಳು.

"ಅದನ್ನ ಯಾಕ ಮೂಸ್ತೀರಿ ಕಂಪೌಂಡ್ರ," ಅಂದಳು. "ಡಾಕ್ಟ್ರ ಮನಿ ಜ್ವಾಳ ಅದು."

ಅಂದು, ತನ್ನ ರೊಟ್ಟಿಯನ್ನು ಮುರಿದು, ನೋಡದೆ ಬಾಯಿಗಿಟ್ಟುಕೊಂಡಳು.